ಪಳಗದ ನೀರು

ರಂಜಿತ ಮೊದಲ ಸಲ ಮುನಿವೆಂಕಟಮ್ಮನ ಬಾಗಿಲಿಗೆ ಬಂದಾಗ ಅವಳ ಕೈಯಲ್ಲಿ ಒಂದು ಗೋಲಿ ಇತ್ತು. ಬಾಡಿಗೆಗೆ ಕೋಣೆ ನೋಡಲು ಬರುವವರು ನಲ್ಲಿ ತಿರುಗಿಸುತ್ತಾರೆ, ಬಚ್ಚಲಿಗೆ ಇಣುಕುತ್ತಾರೆ, ಕಿಟಕಿ ಅಲುಗಾಡಿಸಿ ನೋಡುತ್ತಾರೆ. ಈ ಹುಡುಗಿ ಬೀದಿ ಕಡೆಯ ಕೋಣೆಯೊಳಗೆ ಹೋದವಳೇ ಕುಕ್ಕರುಗಾಲಲ್ಲಿ ಕೂತು ಗೋಲಿಯನ್ನು ನೆಲದ ಮೇಲಿಟ್ಟಳು. ಅದು ನಿಧಾನವಾಗಿ ಉರುಳಿಕೊಂಡು ಹೋಗಿ ಹೊಸ್ತಿಲಿಗೆ ತಗುಲಿತು. ಎತ್ತಿಕೊಂಡು ಬಂದು ಒಳಗಿನ ಗೋಡೆಯ ಪಕ್ಕದಲ್ಲಿಟ್ಟಳು. ಅಲ್ಲಿ ಅದು ಅಲ್ಲಾಡಲಿಲ್ಲ.

"ಏನಮ್ಮಾ, ಗೋಲಿ ಆಡೋಕೆ ಬಂದ್ಯಾ?" ಎಂದಳು ಮುನಿವೆಂಕಟಮ್ಮ.

"ನೆಲ ಸಮ ಐತಾ ನೋಡ್ದೆ ಅಜ್ಜಿ. ಈ ಗೋಡೆ ಪಕ್ಕ ಐತೆ. ಇಲ್ಲೇ ಇಡಬಹುದು."

"ಏನಿಡ್ತೀಯ? ಬೀರೂನಾ?"

"ನೀರು" ಎಂದಳು ರಂಜಿತ. ಹೇಳಿದ ಮೇಲೆ ಅವಳಿಗೇ ಏನೋ ತಪ್ಪು ಹೇಳಿದೆ ಅನ್ನಿಸಿರಬೇಕು, ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ಇಲ್ಲಿ ಕರೆಂಟು ಜಾಸ್ತಿ ಹೋಗುತ್ತಾ ಅಜ್ಜಿ? ಹೋದ್ರೆ ಬೇಗ ಬರುತ್ತಾ? ಮಳೆ ಬಂದಾಗ?" ಎಂದು ಒಂದರ ಹಿಂದೊಂದು ಕೇಳಿದಳು.

ಹೊಸಕೋಟೆಯಲ್ಲಿ ಕರೆಂಟು ಹೋಗುವುದನ್ನೂ ಬರುವುದನ್ನೂ ಯಾರು ಹೇಳಬಲ್ಲರು? ಮುನಿವೆಂಕಟಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಹಡಿಯ ಮೇಲೆ ಮಗ ಸೊಸೆ ಇದ್ದಾರೆ, ಕೆಳಗೆ ತಾನೊಬ್ಬಳು. ಒಂದು ಕಾಲದಲ್ಲಿ ಈ ಕೋಣೆ ದನದ ಕೊಟ್ಟಿಗೆ, ಹಸು ಮಾರಿದ ಮೇಲೆ ಗಾರೆ ಹಾಕಿಸಿದ್ದು. ಹಾಗಾಗಿಯೇ ನೆಲ ಬಾಗಿಲ ಕಡೆಗೆ ಇಳಿಜಾರು. ಗೋಡೆ ಬದಿಯಲ್ಲಿ ಮಾತ್ರ ಗೋದಲಿ ಇದ್ದ ಜಾಗ, ಮಟ್ಟವಾಗಿದೆ. ರಂಜಿತ ಅಷ್ಟನ್ನೂ ಗಮನವಿಟ್ಟು ಕೇಳಿಸಿಕೊಂಡು, ತಲೆಯಾಡಿಸಿ, ಮತ್ತೆ ಗೋಲಿಯನ್ನು ಅದೇ ಜಾಗದಲ್ಲಿಟ್ಟು ನೋಡಿದಳು. ಹೇಳಿದ್ದನ್ನು ನಂಬಿದರೂ ಇನ್ನೊಂದು ಸಲ ನೋಡುವ ಜಾತಿಯವಳು ಎಂದು ಮುನಿವೆಂಕಟಮ್ಮನಿಗೆ ಅಂದೇ ತಿಳಿಯಿತು.

ಆಷಾಢ ಹುಟ್ಟಿದ ಮೇಲೆ ಅವಳು ಬಂದು ಸೇರಿದಳು. ಒಂದು ಚಾಪೆ, ಒಂದು ಸ್ಟವ್, ಬಟ್ಟೆಯ ಎರಡು ಚೀಲ. ಹಿಂದಿನಿಂದ ಗೂಡ್ಸ್ ಆಟೋದಲ್ಲಿ, ಹಳೇ ರಜಾಯಿಯಲ್ಲಿ ಸುತ್ತಿಕೊಂಡು, ಎದೆಯುದ್ದದ ಗಾಜಿನ ಟ್ಯಾಂಕು ಬಂತು. ಅದರ ಜೊತೆಗೆ ಅವಳೇ ಕೂತು ಬಂದಿದ್ದಳು, ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡು.

ರಂಜಿತ ಸಾಸಲಿನ ಕಡೆಯ ಹುಡುಗಿ. ಪಿಯುಸಿ ಒಂದು ವಿಷಯದಲ್ಲಿ ನಿಂತು ಹೋಗಿತ್ತು. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಾಗ ಬಟ್ಟೆಯ ಧೂಳು ಎದೆಗೆ ಹತ್ತಿ ಉಬ್ಬಸ ಬಂತು, ಡಾಕ್ಟರು ಬಿಡು ಅಂದರು. ಹೊಸಕೋಟೆಯಲ್ಲಿ ಹಳೇ ಮದ್ರಾಸು ರಸ್ತೆಯ ಮೇಲಿದ್ದ ಆನಂದ್ ಎಂಬಾತನ ಮೀನಿನ ಅಂಗಡಿಗೆ ಕಸ ಗುಡಿಸಲು ಸೇರಿದಳು. ತಿನ್ನುವ ಮೀನಲ್ಲ, ನೋಡುವ ಮೀನು. ಅಲ್ಲಿ ಧೂಳಿರಲಿಲ್ಲ, ಎಲ್ಲ ಕಡೆ ನೀರು. ಗುಡಿಸುತ್ತ ಗುಡಿಸುತ್ತ ನೋಡಿ ಕಲಿತಳು. ಆಮೇಲೆ ಆನಂದ್ ಗಲ್ಲಾಪೆಟ್ಟಿಗೆ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಅವಳ ಕೈಗೇ ಬಿಟ್ಟ.

ಒಂದು ಬೇಸಿಗೆಯಲ್ಲಿ ಅಂಗಡಿಗೆ ಸಮುದ್ರದ ಮೀನುಗಳು ಬಂದವು. ಅವು ಉಪ್ಪುನೀರಿನವು, ನಾಜೂಕಿನವು. ಬಂದ ವಾರದಲ್ಲೇ ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಜನರೇಟರಿಗೆ ಡೀಸೆಲ್ ಇಲ್ಲ, ಆನಂದ್ ಮದುವೆಗೆ ಹೋಗಿದ್ದಾನೆ. ನೀರಿಗೆ ಗಾಳಿ ಹೋಗಬೇಕಲ್ಲ ಎಂದು ರಂಜಿತ ಪ್ಲಾಸ್ಟಿಕ್ ಚೊಂಬಿನಲ್ಲಿ ನೀರು ಮೊಗೆದು ಮೇಲಿನಿಂದ ಸುರಿದಳು, ಮೊಗೆದು ಸುರಿದಳು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಓಡಿದಳು. ಭುಜ ಸೋತು ಎಡಗೈಗೆ ಬದಲಾಯಿಸಿದಳು. ಎಲ್ಲವೂ ಸತ್ತವು, ಒಂದನ್ನು ಬಿಟ್ಟು. ಹೆಬ್ಬೆರಳಿನಷ್ಟು ಗಾತ್ರ, ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. ಬಲಗಡೆಯ ರೆಕ್ಕೆ ಹುಟ್ಟಿನಿಂದಲೇ ಮೊಟಕು, ಈಜುವಾಗ ಒಂದು ಕಡೆಗೆ ವಾಲುತ್ತದೆ. ಆನಂದ್ ಅದಕ್ಕೆ ಕುಂಟ ಎಂದು ಹೆಸರಿಟ್ಟ. ಯಾರೂ ಕೊಳ್ಳಲಿಲ್ಲ. ವರ್ಷಗಳ ಕಾಲ ಅದು ಅಂಗಡಿಯ ಮೂಲೆಯ ಟ್ಯಾಂಕಿನಲ್ಲಿ, ರಂಜಿತ ಹೋದಲ್ಲೆಲ್ಲ ಗಾಜಿನ ಬದಿಗೆ ಬರುತ್ತ ಇದ್ದುಕೊಂಡಿತು.

ಈಗ ಅಂಗಡಿ ಮುಚ್ಚುತ್ತಿತ್ತು. ಕಟ್ಟಡದವರು ಒಡೆದು ಹೊಸದು ಕಟ್ಟುತ್ತಾರಂತೆ, ಗೌರಿ ಹಬ್ಬದೊಳಗೆ ಖಾಲಿ ಮಾಡಬೇಕು. ಟ್ಯಾಂಕು, ಮೋಟರು, ಮೀನು ಎಲ್ಲವನ್ನೂ ಒಟ್ಟಿಗೆ ದೇವನಹಳ್ಳಿಯ ಒಂದು ರೆಸಾರ್ಟಿಗೆ ಮಾತಾಡಿಯಾಗಿತ್ತು. ಕುಂಟನನ್ನು ಅವರು ಬೇಡ ಅಂದರು. "ನೀನೇ ತಗೊಂಡೋಗು, ಇಲ್ಲಾಂದ್ರೆ ಮೋರಿಗೆ ಬಿಡು" ಅಂದಿದ್ದ ಆನಂದ್. ಅದಕ್ಕೇ ಈ ಕೋಣೆ, ಈ ಗೋಲಿ, ಈ ಗಾಜಿನ ಟ್ಯಾಂಕು.

"ಹಂಗಾದ್ರೆ ಇವತ್ತೇ ತಂದು ಬಿಟ್ಬಿಡು. ಇನ್ನೇನು ಕಾಯೋದು?" ಎಂದಳು ಮುನಿವೆಂಕಟಮ್ಮ, ಕಥೆಯೆಲ್ಲ ಕೇಳಿದ ಮೇಲೆ.

"ಇವತ್ತು ಬಿಟ್ರೆ ನಾಳೆ ಸಾಯುತ್ತೆ ಅಜ್ಜಿ. ನೀರು ಪಳಗಬೇಕು."

ಹೊಸ ಮಡಕೆಯನ್ನು ಪಳಗಿಸುವುದು ಮುನಿವೆಂಕಟಮ್ಮನಿಗೆ ಗೊತ್ತಿತ್ತು. ಹೊಸ ನೀರನ್ನು ಪಳಗಿಸುವುದು ಎಲ್ಲಿಯೂ ಕೇಳಿರಲಿಲ್ಲ.

ನಾಣ್ಯ ಹಾಕಿದರೆ ನೀರು ಬಿಡುವ ಘಟಕದಿಂದ ರಂಜಿತ ಕ್ಯಾನುಗಟ್ಟಲೆ ನೀರು ತಂದಳು. ಬೋರಿನ ನೀರು ಆಗದಂತೆ, ಅದರಲ್ಲಿ ಏನೇನೋ ಇರುತ್ತದಂತೆ. ಅಂಗಡಿಯಿಂದ ತಂದ ಸಮುದ್ರದ ಉಪ್ಪಿನ ಪುಡಿಯನ್ನು ಬಕೆಟ್ಟಿನಲ್ಲಿ ಕಲಕುತ್ತಿದ್ದಾಗ ಮುನಿವೆಂಕಟಮ್ಮ ಅಡುಗೆಮನೆಯಿಂದ ಒಂದು ಬೊಗಸೆ ಕಲ್ಲುಪ್ಪು ತಂದು ನಿಂತಳು.

"ತಗೋ, ಇದೂ ಹಾಕು. ದುಡ್ಡು ಕೊಟ್ಟು ಉಪ್ಪು ತರ್ತಾರೇನೇ ಅಂಗಡಿಯಿಂದ?"

"ಬೇಡ ಅಜ್ಜಿ, ಅದು ಸಾರಿಗೆ. ಇದ್ರಲ್ಲಿ ಸಮುದ್ರದಲ್ಲಿರೋದೆಲ್ಲ ಐತೆ."

ಉಪ್ಪು ಕರಗಿದ ಮೇಲೆ ರಂಜಿತ ಒಂದು ಗಾಜಿನ ಕಡ್ಡಿಯನ್ನು ನೀರಿನಲ್ಲಿ ತೇಲಿಬಿಟ್ಟು ಬಗ್ಗಿ ನೋಡಿದಳು. ಮುನಿವೆಂಕಟಮ್ಮನ ಮುಖ ಅರಳಿತು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಅಷ್ಟೂ ವರ್ಷ ಅವಳು ನೋಡಿದ್ದು ಇಂಥದ್ದೇ ಕಡ್ಡಿಯನ್ನು.

"ಹಾಲಿನ ಡಿಗ್ರಿ ನೋಡೋದಲ್ವಾ ಇದು?"

"ಅದ್ರ ತಂಗಿ ಅಂದ್ಕೊಳಿ" ಎಂದಳು ರಂಜಿತ, ಕಡ್ಡಿಯಿಂದ ಕಣ್ಣು ತೆಗೆಯದೆ.

ಟ್ಯಾಂಕಿನ ತಳಕ್ಕೆ ಬಿಳಿ ಮರಳು, ಮೇಲೆ ತೂತುತೂತಾದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದಳು. ಅಂಗಡಿಯ ಹಳೇ ಟ್ಯಾಂಕಿನಿಂದ ಆನಂದ್ ಕೊಟ್ಟಿದ್ದ ಅಂಗೈಯಗಲದ ಒಂದು ಕಲ್ಲನ್ನು ನಡುವೆ ಸಿಕ್ಕಿಸಿದಳು. ನೀರು ತುಂಬಿ, ಮೋಟರು ಹಾಕಿ, ಗುಳುಗುಳು ಶಬ್ದ ಶುರುವಾದ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಒಂದು ಸತ್ತ ಸೀಗಡಿಯನ್ನು ನೀರಿಗೆ ಹಾಕಿದಳು.

"ಮೀನೇ ಇಲ್ಲ, ಯಾರು ತಿನ್ನೋಕೆ ಅದು?"

"ತಿನ್ನೋಕಲ್ಲ ಅಜ್ಜಿ, ಕೊಳೆಯೋಕೆ."

ಮುನಿವೆಂಕಟಮ್ಮ ಸೆರಗು ಮೂಗಿಗೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಕೇಳದೆ ಬಿಡುವ ಪೈಕಿ ಅಲ್ಲ ಅವಳು. ರಂಜಿತ ಹೇಳಿದ್ದನ್ನು ತನ್ನ ತಲೆಗೆ ಹತ್ತುವ ಹಾಗೆ ಜೋಡಿಸಿಕೊಂಡಳು. ಮೀನಿನ ಕೊಳೆಯಿಂದ ನೀರಿನಲ್ಲಿ ಒಂದು ವಿಷ ಹುಟ್ಟುತ್ತದೆ. ಅದನ್ನು ತಿನ್ನಲು ಕಣ್ಣಿಗೆ ಕಾಣದ ಜೀವಗಳು ಕಲ್ಲಿನಲ್ಲಿ, ನೀರು ಸೋಸುವ ಫಿಲ್ಟರಿನ ಸ್ಪಂಜಿನಲ್ಲಿ ಸೇರಿಕೊಳ್ಳಬೇಕು. ಅವು ತಿಂದು ಬಿಟ್ಟದ್ದು ಎರಡನೇ ವಿಷ. ಅದನ್ನು ತಿನ್ನಲು ಇನ್ನೊಂದು ಜಾತಿಯ ಜೀವಗಳು ಬರಬೇಕು. ಎರಡೂ ಜಾತಿ ಹುಟ್ಟಿ ಬೆಳೆಯುವ ತನಕ ಮೀನು ಬಿಡುವಂತಿಲ್ಲ. ಅವು ಹುಟ್ಟಬೇಕಾದರೆ ಮೊದಲು ಏನಾದರೂ ಕೊಳೆಯಬೇಕು.

"ಎಷ್ಟು ದಿನ ಬೇಕು?"

"ಅದು ಅವುಗಳ ಇಷ್ಟ" ಎಂದಳು ರಂಜಿತ. ಅವಳ ದನಿಯಲ್ಲಿ ಆಗಲೇ ಗೌರಿ ಹಬ್ಬ ಕೂತಿತ್ತು.

ಅಂದಿನಿಂದ ಬೆಳಗಿನ ಕಾಫಿಗೆ ಮುಂಚೆ ಒಂದು ಕೆಲಸ. ಬೆರಳುದ್ದದ ಗಾಜಿನ ಕೊಳವೆಯಲ್ಲಿ ಟ್ಯಾಂಕಿನ ನೀರು ತೆಗೆದು, ಸೀಸೆಯಿಂದ ಹನಿ ಹಾಕಿ ಅಲ್ಲಾಡಿಸಿ ಕಿಟಕಿಯ ಹತ್ತಿರ ಹಿಡಿಯುವುದು. ಮೊದಲನೇ ವಿಷಕ್ಕೆ ಹಸಿರು ಬಣ್ಣ, ಇಲ್ಲದಿದ್ದರೆ ಹಳದಿ. ಎರಡನೆಯದಕ್ಕೆ ನೇರಳೆ, ಇಲ್ಲದಿದ್ದರೆ ಆಕಾಶದ ನೀಲಿ. ಬಣ್ಣ ಬರುವ ತನಕ ರಂಜಿತ ತುಟಿ ಕಚ್ಚಿಕೊಂಡು ನಿಂತಿರುತ್ತಿದ್ದಳು. ಬಂದ ಮೇಲೂ ನಂಬುತ್ತಿರಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ನೋಡುವಳು, ಟ್ಯೂಬ್‌ಲೈಟಿಗೆ ಹಿಡಿದು ನೋಡುವಳು. ಕೆಲಸಕ್ಕೆ ಹೊರಟವಳು ಬೀದಿಯ ತಿರುವಿನಿಂದ ವಾಪಸು ಬಂದು ಮೋಟರಿನ ಪ್ಲಗ್ಗು ಮುಟ್ಟಿ ನೋಡಿ ಹೋಗುವಳು. ಕೋಣೆಯ ಬೀಗದ ಕೈ ಮುನಿವೆಂಕಟಮ್ಮನ ಸೊಂಟದಲ್ಲಿ. ಗುಳುಗುಳು ನಿಂತರೆ ಫೋನ್ ಮಾಡಬೇಕು. ಅಷ್ಟೇ ಅವಳ ಪಾಲಿನ ಕೆಲಸ. ಅಡುಗೆ ಮಾಡುತ್ತಿದ್ದರೂ ಒಂದು ಕಿವಿ ಆ ಗೋಡೆಯಾಚೆ ಇರುತ್ತಿತ್ತು. ಮಿಕ್ಸಿ ಹಾಕಿದರೆ ಆ ಶಬ್ದ ಕೇಳುವುದಿಲ್ಲವೆಂದು ಒರಳಿನಲ್ಲಿ ರುಬ್ಬತೊಡಗಿದಾಗ ಸೊಸೆ ಮಹಡಿಯಿಂದ ಇಣುಕಿ, "ಅತ್ತೇ, ನೀವೂ ಆ ಹುಡುಗಿ ತರ ಆಗ್ಬಿಟ್ರಿ" ಎಂದು ನಕ್ಕಳು.

ಶ್ರಾವಣ ಬಂದಾಗ ಹಸಿರು ತಿಳಿಯಾಗುತ್ತ ಬಂದು ಒಂದು ಬೆಳಿಗ್ಗೆ ಹಳದಿಯಾಯಿತು. ನೇರಳೆ ಮಾತ್ರ ಗಾಢವಾಗಿತ್ತು. ಅಂದರೆ ಮೊದಲ ಜಾತಿಯವು ಬಂದಿವೆ, ಎರಡನೆಯವು ಬರಬೇಕು. ಆ ದಿನ ರಂಜಿತ ಮೊದಲ ಸಲ ಹಲ್ಲು ಕಾಣುವಂತೆ ನಕ್ಕಳು. ಅಂಗಡಿಯ ಕಲ್ಲಿನಲ್ಲಿದ್ದ ಒಂದು ತೂತಿನಿಂದ ಕೆಂಪಗಿನ, ಮೈತುಂಬ ಕೂದಲಿದ್ದ ಉದ್ದನೆಯ ಹುಳ ತಲೆ ಹೊರಗೆ ಹಾಕಿದ್ದನ್ನೂ ತೋರಿಸಿದಳು. "ಅಂಗಡಿಯಿಂದ ಕಲ್ಲಿನ ಜೊತೆ ಬಂದೈತೆ. ಕೊಳೆತಿದ್ದು ತಿಂದ್ಕೊಂಡು ಇರುತ್ತೆ, ಒಳ್ಳೇದೇ."

ನಾಗರ ಪಂಚಮಿಗೆ ಮುನಿವೆಂಕಟಮ್ಮನ ಗಂಡನ ಅಕ್ಕ ಅಮ್ಮಯಮ್ಮ ಬಂದಳು. ಘಾಟಿ ಸುಬ್ರಹ್ಮಣ್ಯದ ಪಕ್ಕದ ಊರಿನವಳು. ನಾಗಪ್ಪನ ವಿಷಯದಲ್ಲಿ ಅವಳ ಮುಂದೆ ಯಾರೂ ಉಸಿರೆತ್ತುವಂತಿಲ್ಲ. ಪ್ರತಿ ವರ್ಷ ಬೀದಿ ಕೊನೆಯ ಹುತ್ತಕ್ಕೆ ತನಿ ಎರೆಯುತ್ತಿದ್ದರು. ಈ ವರ್ಷ ಹೋಗಿ ನೋಡಿದರೆ ಹುತ್ತವನ್ನು ಜೆಸಿಬಿಯಲ್ಲಿ ಕೆತ್ತಿ, ಸೈಟು ಮಾಡಿ, ಕಾಂಪೌಂಡು ಹಾಕಿದ್ದಾರೆ. ಅಮ್ಮಯಮ್ಮ ಹಾಲಿನ ತಂಬಿಗೆ, ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಿಟ್ಟಿನಿಂದ ವಾಪಸು ಬಂದಳು. ಮುನಿವೆಂಕಟಮ್ಮ ಒಳಗೆ ತಂಬಿಟ್ಟು ಕಟ್ಟುತ್ತಿದ್ದಳು. ರಂಜಿತಳ ಕೋಣೆಯನ್ನು ಆಗಷ್ಟೇ ತೆಗೆದು ನೋಡಿ, ಬಾಗಿಲು ಹಾಕದೆ ಬಂದಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಆ ಕೋಣೆಯಿಂದ ಮಂತ್ರದಂಥ ಗುನುಗು ಕೇಳಿಸಿತು. ಓಡಿ ಹೋದರೆ, ಮೋಡದ ದಿನದ ಮಬ್ಬಿನಲ್ಲಿ ಅಮ್ಮಯಮ್ಮ ಟ್ಯಾಂಕಿನ ಮುಂದೆ ಕೈ ಮುಗಿದು ನಿಂತಿದ್ದಾಳೆ. ತಂಬಿಗೆ ಖಾಲಿ. ನೀರು ಸುಣ್ಣ ಕಲಸಿದಂತೆ ಬೆಳ್ಳಗಾಗಿದೆ. ಅದರೊಳಗೆ ಅರಿಶಿನ ಎಳೆಯೆಳೆಯಾಗಿ ಇಳಿಯುತ್ತಿದೆ.

"ಅಯ್ಯೋ ಅಕ್ಕಾ! ಏನ್ ಮಾಡ್ದೇ!"

"ಏನ್ ಮಾಡ್ದೆ ಅಂದ್ರೆ? ತನಿ ಎರ್ದೆ. ಲೇ ಮುನೀ, ಮನೆಯೊಳಗೇ ಹುತ್ತ ಇಟ್ಕೊಂಡಿದ್ದೀಯ, ಸ್ವಾಮಿ ಹೆಡೆ ಹೊರಗಾಕಿ ಕೂತವ್ರೆ, ನನಗೊಂದು ಮಾತು ಹೇಳಕ್ಕಾಗಲಿಲ್ವಾ?"

"ಅದು ಸ್ವಾಮಿ ಅಲ್ಲ ಅಕ್ಕ, ಹುಳ!"

"ಬಾಯ್ಮುಚ್ಚೇ. ಇವತ್ತಿನ ದಿನ ಆ ಮಾತಾಡ್ತಾರಾ?"

ಮುನಿವೆಂಕಟಮ್ಮ ಓಡಿ ಹೋಗಿ ಮೊಬೈಲು ತಂದಳು. ಮೊಬೈಲಿನ ಗುಂಡಿಗಳನ್ನು ಎರಡು ಸಲ ತಪ್ಪಾಗಿ ಒತ್ತಿದಳು. ರಂಜಿತ ಅಂಗಡಿಯಿಂದ ಓಡುತ್ತಲೇ ಬಂದಿರಬೇಕು, ಹೊಸ್ತಿಲಲ್ಲಿ ನಿಂತು ಉಬ್ಬಸದ ಪಂಪು ಬಾಯಿಗಿಟ್ಟು ಎಳೆದುಕೊಂಡಳು. ಆಮೇಲೆ ಟ್ಯಾಂಕು ನೋಡಿದಳು. ಕೂಗಾಡಲಿಲ್ಲ. ಕಣ್ಣೊರೆಸಿಕೊಂಡು ಅಮ್ಮಯಮ್ಮನ ಕಡೆ ತಿರುಗಿ, "ಎಷ್ಟು ಹಾಲು ಹಾಕಿದ್ರಿ ಅಜ್ಜಿ?" ಎಂದು ಮಾತ್ರ ಕೇಳಿದಳು.

"ಕಮ್ಮಿ ಹಾಕ್ಲಿಲ್ಲ ಕಣಮ್ಮಾ. ತಂಬಿಗೆ ತುಂಬ ಎರ್ದಿದ್ದೀನಿ. ನಿನಗೆ ಒಳ್ಳೇದಾಗ್ತೈತೆ, ಯಾಕೆ ಅಳ್ತೀಯ?"

ಅಮ್ಮಯಮ್ಮ ಅಂದೇ ಸಂಜೆ ಮುಖ ಊದಿಸಿಕೊಂಡು ಹೊರಟು ಹೋದಳು. ಆದರೂ ದಿನಾ ಫೋನ್ ಮಾಡಿ, "ಸ್ವಾಮಿ ಹೆಂಗವ್ರೆ?" ಎಂದು ವಿಚಾರಿಸುತ್ತಿದ್ದಳು. ಹುಳ ಮಾರನೇ ದಿನವೇ ಮರಳಿನ ಮೇಲೆ ಮೆತ್ತಗಾಗಿ ಬಿದ್ದಿತ್ತು. ಮುನಿವೆಂಕಟಮ್ಮ "ಅವ್ರೆ, ಅವ್ರೆ" ಎಂದು ಹೇಳಿ ಫೋನ್ ಇಡುತ್ತಿದ್ದಳು.

ಬೆಳ್ಳಗಿನ ನೀರನ್ನು ಪೈಪಿನಲ್ಲಿ ಎಳೆದು ಹೊರಗೆ ಬಿಟ್ಟರು. ಹೊಸ ಉಪ್ಪುನೀರು ಕೂಡಲೇ ಹಾಕುವಂತಿಲ್ಲ, ಕಲಕಿದ್ದು ಒಂದು ರಾತ್ರಿ ಗಾಳಿಯಾಡಬೇಕು. ಅಷ್ಟರಲ್ಲಿ ಉಳಿದ ಹಾಲು ಹುಳಿಯಿತು. ಕೋಣೆಗೆ ಹೋದರೆ ಒಡೆದ ಮೊಸರಿನ ಮಡಕೆಗೆ ಮೂಗಿಟ್ಟ ಹಾಗೆ. ಕಲ್ಲುಗಳ ಮೇಲೆ ಬಿಳಿ ಲೋಳೆ. ಕೊಳವೆಯಲ್ಲಿ ಹನಿ ಹಾಕಿದರೆ ಕಡು ಹಸಿರು. ಹುಟ್ಟಿದ್ದ ಜೀವಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಸತ್ತಿವೆ, ಯಾರಿಗೂ ಗೊತ್ತಿಲ್ಲ. ರಂಜಿತ ದಿನವೂ ಸ್ವಲ್ಪ ನೀರು ಬದಲಾಯಿಸಿದಳು, ಕಲ್ಲುಗಳ ಲೋಳೆಯನ್ನು ಪೈಪಿನಲ್ಲಿ ಎಳೆದಳು, ಮತ್ತೆ ಕಾದಳು. ಊಟದ ತಟ್ಟೆ ಎದುರಿಗಿದ್ದರೂ ಟ್ಯಾಂಕಿನ ಕಡೆಗೇ ನೋಡುತ್ತ ಮುದ್ದೆಯನ್ನು ಮುರಿಯುತ್ತ ಕೂರುವಳು, ಬಾಯಿಗೆ ಇಡಳು. "ಮುದ್ದೆ ಏನ್ ಮಾಡ್ತು ನಿನಗೆ?" ಎಂದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಹಸಿರು ಇಳಿಯಿತು, ಆದರೆ ಎಷ್ಟು ನಿಧಾನ! ಅಂಗಡಿಯಲ್ಲಿ ಒಂದೊಂದೇ ಟ್ಯಾಂಕು ಖಾಲಿಯಾಗುತ್ತಿತ್ತು.

ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ರಂಜಿತ ಕೊಳವೆಯನ್ನು ಮುನಿವೆಂಕಟಮ್ಮನ ಕೈಗೆ ಕೊಟ್ಟಳು.

"ನನ್ನ ಕಣ್ಣು ನಂಬೋಕಾಗ್ತಿಲ್ಲ ಅಜ್ಜಿ. ನೀವೇ ಹೇಳಿ. ಹಳದಿ ತಾನೇ?"

ಹಳದಿ ಅನ್ನಿ ಎಂದು ಅವಳ ಮುಖವೇ ಬೇಡುತ್ತಿತ್ತು. ಅಂದು ಮಧ್ಯಾಹ್ನ ರೆಸಾರ್ಟಿನ ಲಾರಿ ಬರುತ್ತದೆ. ಕುಂಟನ ಟ್ಯಾಂಕಿನ ನೀರು ಮೋರಿಗೆ ಹೋಗುತ್ತದೆ. ಮುನಿವೆಂಕಟಮ್ಮ ಕೊಳವೆಯನ್ನು ಹಿಡಿದು ಅಂಗಳಕ್ಕೆ ಬಂದಳು. ಬಿಸಿಲಿಗೆ ಹಿಡಿದಳು, ಸುಣ್ಣದ ಗೋಡೆಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಒಂದು ಸಲ ಹೌದು ಅಂದುಬಿಡಲೇ ಅನ್ನಿಸಿತು. ಆಮೇಲೆ ಅಂದಳು:

"ಎಳೇ ಸೌತೇಕಾಯಿ ತಿರುಳಿನ ಬಣ್ಣ ಐತೆ. ಹಳದಿ ಅಲ್ಲ ಕಣಮ್ಮಾ."

ರಂಜಿತ ಜಗಲಿಯ ಮೇಲೆ ಕೂತುಬಿಟ್ಟಳು.

"ಬೇರೆ ದಾರಿ ಇಲ್ವಾ?"

"ಐತೆ. ಅಂಗಡಿ ಫಿಲ್ಟರಿನ ಸ್ಪಂಜು. ವರ್ಷಗಟ್ಲೆ ಅದ್ರೊಳಗೆ ಆ ಜೀವಗಳು ತುಂಬ್ಕೊಂಡವೆ. ಅದೊಂದು ತಂದು ಹಾಕಿದ್ರೆ ಮೊಸರಿಗೆ ಹೆಪ್ಪಾಕಿದ ಹಾಗೆ. ಆದ್ರೆ ಅಣ್ಣ ಎಲ್ಲ ಮಾರ್ಬಿಟ್ಟವ್ರೆ. ಲಾರಿಯವ್ರು ಲೆಕ್ಕ ಹಾಕಿ ತಗೊಂಡೋಗ್ತಾರೆ, ಏನೂ ಮುಟ್ಬೇಡ ಅಂದವ್ರೆ."

"ನೀನು ಕೇಳಿದ್ಯಾ?"

"ಇಲ್ಲ."

"ಯಾಕೆ?"

"ಇಲ್ಲ ಅಂದ್ಬಿಟ್ರೆ?"

ಮುನಿವೆಂಕಟಮ್ಮ ಅವಳನ್ನೇ ನೋಡಿದಳು. ಇಷ್ಟು ದಿನ ಟ್ಯಾಂಕಿನ ಮುಂದೆ ಬಗ್ಗಿ ನಿಂತವಳು, ಕ್ಯಾನು ಹೊತ್ತವಳು, ಕೇಳುವ ಒಂದು ಮಾತಿಗೆ ಹೆದರಿ ಕೂತಿದ್ದಾಳೆ. ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಒಳಗೆ ಹೋಗಿ ಸೀರೆ ಬದಲಾಯಿಸಿ, ಮುಚ್ಚಳವಿದ್ದ ಬಕೆಟ್ಟು ತೆಗೆದುಕೊಂಡು ಬಂದಳು. "ನಡಿ. ನಾನೂ ಬರ್ತೀನಿ."

ಅಂಗಡಿಯಲ್ಲಿ ಆನಂದ್ ಲುಂಗಿ ಮೇಲೆ ಕಟ್ಟಿಕೊಂಡು, ಗಾಜುಗಳ ನಡುವೆ ಪೇಪರು ತುರುಕುತ್ತಿದ್ದ. ಅರ್ಧ ಗೋಡೆ ಆಗಲೇ ಬರಿದು. ಮೂಲೆಯ ಟ್ಯಾಂಕಿನಲ್ಲಿ ಮಾತ್ರ ಗುಳುಗುಳು ಇತ್ತು. ಕುಂಟ ಗಾಜಿನ ಬದಿಗೆ ಬಂದು ನಿಂತಿತು, ಒಂದು ಕಡೆಗೆ ವಾಲಿಕೊಂಡು. ಮುನಿವೆಂಕಟಮ್ಮ ಅದನ್ನು ನೋಡಿದ್ದು ಅದೇ ಮೊದಲು. ಇಷ್ಟು ಸಣ್ಣದಕ್ಕಾ ಇಷ್ಟೆಲ್ಲ ಎಂದು ಒಂದು ಕ್ಷಣ ಅನ್ನಿಸಿತು.

"ಏನಪ್ಪಾ, ಒಂದು ಸ್ಪಂಜು ಬೇಕಾಗಿತ್ತು."

"ಪಾತ್ರೆ ತೊಳೆಯೋದಾ ಅಜ್ಜಿ? ಪಕ್ಕದಂಗಡಿ ಕೇಳಿ."

"ಅಲ್ಲಪ್ಪ. ಆ ಫಿಲ್ಟರಲ್ಲಿ ಐತಲ್ಲ, ಕೊಳಕು ಹಿಡಿದಿರೋದು, ಅದು."

ಆನಂದ್ ರಂಜಿತಳ ಕಡೆ ನೋಡಿದ. ಅವಳು ಮುನಿವೆಂಕಟಮ್ಮನ ಬೆನ್ನ ಹಿಂದೆ ಬಕೆಟ್ಟು ಹಿಡಿದು ನಿಂತಿದ್ದಳು. "ಓಹೋ, ಅಜ್ಜೀನ ಮುಂದೆ ಬಿಟ್ಕೊಂಡು ಬಂದಿದ್ದೀಯಾ? ಅದೊಂದನ್ನ ಕೇಳ್ಬೇಡ ಕಣಮ್ಮಾ. ಅವರ ಮೀನೆಲ್ಲ ಆ ಫಿಲ್ಟರ್ ನೆಚ್ಕೊಂಡು ಹೋಗ್ತಾವೆ. ಅಲ್ಲಿ ಹೋಗಿ ಸತ್ರೆ ನನ್ನ ತಲೆ ಮೇಲೆ ಬರುತ್ತೆ."

ಅದೂ ನಿಜವೇ. ಮುನಿವೆಂಕಟಮ್ಮ ಮೂಲೆಯ ಟ್ಯಾಂಕಿನ ಕಡೆ ನೋಡಿದಳು. ಹೊರಗೆ ಲಾರಿಯೊಂದು ಹಾರನ್ ಹೊಡೆಯಿತು. ರಂಜಿತ ಬೆಚ್ಚಿ ಬಾಗಿಲ ಕಡೆ ನೋಡಿದಳು. ಅದು ಬೇರೆ ಲಾರಿ, ಮುಂದಕ್ಕೆ ಹೋಯಿತು.

"ಅರ್ಧ ಕೊಡಿ ಅಣ್ಣ."

ಮಾತು ಬೆನ್ನ ಹಿಂದಿನಿಂದ ಬಂತು.

"ಏನಂದೆ?"

"ಸ್ಪಂಜು ಕತ್ತರಿಸಿ ಅರ್ಧ ಕೊಡಿ. ಕತ್ತರಿಸಿದ ಜಾಗಕ್ಕೆ ಹೊಸ ಸ್ಪಂಜು ನಾನೇ ಜೋಡಿಸ್ತೀನಿ. ಉಳಿದರ್ಧ ಅವರ ಮೀನಿಗೆ ಸಾಕಾಗುತ್ತೆ, ಮೊದಲ ವಾರ ತಿಂಡಿ ಕಮ್ಮಿ ಹಾಕಿ ಅಂತ ಹೇಳಿ. ಸತ್ರೆ ನನ್ನ ಹೆಸರು ಹೇಳಿ ಅಣ್ಣ. ನಾನೇ ಹೋಗಿ ನೋಡ್ತೀನಿ."

ಆನಂದ್ ಕೈಯಲ್ಲಿದ್ದ ಪೇಪರು ಕೆಳಗಿಟ್ಟ. "ಇಷ್ಟು ವರ್ಷದಲ್ಲಿ ಮೊದಲನೇ ಸಲ ಏನೋ ಕೇಳಿದ್ದೀಯ ನೀನು. ಅದೂ ಕೊಳಕು ಸ್ಪಂಜು" ಎಂದು ತಲೆ ಕೆರೆದುಕೊಂಡು, ಕತ್ತರಿ ತಂದು ಕೊಟ್ಟ. "ಬೇಗ ಮಾಡು, ಲಾರಿ ಬಂದ್ಬಿಡುತ್ತೆ."

ಕಂದು ನೀರು ಸೋರುವ ಆ ಅರ್ಧ ಸ್ಪಂಜನ್ನು ಹಳೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರು; ಒಣಗಿದರೆ ಕೆಲಸಕ್ಕೆ ಬಾರದು. ಕುಂಟನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಾಯಿ ಕಟ್ಟಿದರು. ಆಟೋದಲ್ಲಿ ಬಕೆಟ್ಟು ಮುನಿವೆಂಕಟಮ್ಮನ ತೊಡೆಯ ಮೇಲೆ, ಚೀಲ ರಂಜಿತಳ ಎದೆಗೆ. "ನಿಧಾನಕ್ಕೆ ಹೋಗಪ್ಪ" ಎಂದು ಮುನಿವೆಂಕಟಮ್ಮ ಪ್ರತಿ ಗುಂಡಿಗೂ ಹೇಳಿದ್ದರಿಂದ ಡ್ರೈವರು, "ಹೆರಿಗೆ ಆಸ್ಪತ್ರೆಗಾ ಅಜ್ಜಿ ಹೋಗ್ತಿರೋದು?" ಅಂದ. ರಂಜಿತ ನಗಲಿಲ್ಲ. ಚೀಲದೊಳಗೆ ಕಣ್ಣು ನೆಟ್ಟಿದ್ದಳು.

ಮನೆಯಲ್ಲಿ ಸ್ಪಂಜನ್ನು ಫಿಲ್ಟರಿಗೆ ಸೇರಿಸಿ, ಮೀನನ್ನು ಅದರದೇ ನೀರಿನಲ್ಲಿ ಸಣ್ಣ ಬಕೆಟ್ಟಿಗೆ ಬಿಟ್ಟು, ಟ್ಯಾಂಕಿನಿಂದ ತೆಳು ಪೈಪು ಇಳಿಸಿದಳು. ಪೈಪಿಗೆ ಗಂಟು ಹಾಕಿದ್ದರಿಂದ ನೀರು ಆಸ್ಪತ್ರೆಯ ಗ್ಲೂಕೋಸಿನ ಹಾಗೆ ತೊಟ್ಟುತೊಟ್ಟಾಗಿ ಬಿತ್ತು. ಹೊಸ ನೀರಿಗೆ ಮೈ ಹೊಂದಿಕೊಳ್ಳಲಿ ಎಂದು. ಮುನಿವೆಂಕಟಮ್ಮ ಪಕ್ಕದಲ್ಲೇ ಕೂತಳು. ಕರು ಹಾಕುವ ಹಸುಗಳ ಮುಂದೆ ಹೀಗೆ ಎಷ್ಟೋ ಸಲ ಕೂತಿದ್ದಳು. ಮಾಡಲು ಏನೂ ಇರುವುದಿಲ್ಲ, ಎದ್ದು ಹೋಗಲೂ ಆಗುವುದಿಲ್ಲ. ಕೊನೆಗೆ ರಂಜಿತ ಅಂಗೈ ಬಟ್ಟಲು ಮಾಡಿ ಮೀನನ್ನು ಟ್ಯಾಂಕಿಗೆ ಬಿಟ್ಟಳು.

ಅದು ಕಲ್ಲಿನ ಬುಡಕ್ಕೆ ಹೋಗಿ ಮರಳಿನ ಮೇಲೆ ಮಲಗಿತು. ಎದ್ದು ಬರಲಿಲ್ಲ.

ಗೌರಿ ಬಂದಳು, ಗಣೇಶ ಬಂದ. ಸೊಸೆ ಮಹಡಿಯಲ್ಲಿ ಬಾಗಿನ ಕೊಟ್ಟಳು, ಕಡುಬು ಮಾಡಿದಳು. ಕೆಳಗೆ ಇಬ್ಬರು ಹೆಂಗಸರು ಒಂದು ಮೀನಿನ ಕಿವಿರು ನೋಡುತ್ತ ಹಬ್ಬ ಕಳೆದರು. ಹಾಕಿದ ತಿಂಡಿಯನ್ನು ಅದು ಮೂಸಿ ನೋಡಲಿಲ್ಲ. ಉಳಿದದ್ದು ಕೊಳೆತರೆ ಮತ್ತೆ ವಿಷವಾಗುತ್ತದೆಂದು ರಂಜಿತ ಒಂದೊಂದು ಕಣವನ್ನೂ ಹೀರಿ ತೆಗೆದಳು. ಹಬ್ಬ ಮುಗಿದ ಮೇ‍ಲೆ ಅವಳು ತರಕಾರಿ ಪ್ಯಾಕ್ ಮಾಡುವ ಕಡೆ ಹೊಸ ಕೆಲಸಕ್ಕೆ ಸೇರಿದಳು. ಊಟದ ಬಿಡುವಿನಲ್ಲಿ ಫೋನ್ ಬರುತ್ತಿತ್ತು.

"ಅಜ್ಜಿ, ಕಿವಿರು ಆಡ್ತಾ ಐತಾ?"

"ಆಡ್ತೈತೆ."

"ಜೋರಾಗಾ, ನಿಧಾನಕ್ಕಾ?"

"ಇರು, ನೋಡಿ ಹೇಳ್ತೀನಿ." ಫೋನ್ ಕೆಳಗಿಟ್ಟು, ಮಂಡಿಯೂರಿ, ಗಾಜಿಗೆ ಮುಖ ತಂದು ನೋಡಿ ಬರುವಳು. ಸುಮ್ಮನೆ ಸಮಾಧಾನಕ್ಕೆಂದು ಒಂದು ದಿನವೂ ಹೇಳಲಿಲ್ಲ. ಕಿವಿರು ಜೋರಾಗಿ ಆಡಿದರೆ ಮೀನಿಗೆ ಉಸಿರು ಕಷ್ಟವೆಂದು ಗೊತ್ತಿದ್ದರೂ, ಜೋರಾಗಿದ್ದರೆ ಜೋರು ಅನ್ನುತ್ತಿದ್ದಳು. ಆಚೆ ಕಡೆ ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು.

ಒಂದು ಮಧ್ಯಾಹ್ನ ಮೀನು ಮರಳಿನ ಮೇಲೆ ಇರಲಿಲ್ಲ. ಮುನಿವೆಂಕಟಮ್ಮ ಮಂಡಿಯೂರಿ ಕಲ್ಲುಗಳ ಸಂದಿಯಲ್ಲೆಲ್ಲ ಇಣುಕಿದಳು. ಹುಡುಕಿದರೆ, ಮೇಲೆ, ನೀರು ಬೀಳುವ ಕಡೆ, ವಾಲಿಕೊಂಡು ಈಜುತ್ತಿತ್ತು. ರಂಜಿತ ಬರಲಿ ಎಂದು ತಿಂಡಿಯ ಡಬ್ಬಿ ಮುಟ್ಟಲಿಲ್ಲ. ಸಂಜೆ ರಂಜಿತ ಬಂದು, ಕೈ ತೊಳೆದು, ಸಾಸಿವೆಯಷ್ಟು ತಿಂಡಿ ಉದುರಿಸಿದಳು. ಕುಂಟ ಅದನ್ನು ಬಾಯಿಗೆ ತೆಗೆದುಕೊಂಡಿತು, ಉಗುಳಿತು, ಮತ್ತೆ ತೆಗೆದುಕೊಂಡಿತು. ಈ ಸಲ ನುಂಗಿತು. ಅಲ್ಲಾಡಿದರೆ ಉಗುಳಿಬಿಡುತ್ತದೇನೋ ಎಂಬಂತೆ ಇಬ್ಬರೂ ಬಗ್ಗಿಯೇ ನಿಂತಿದ್ದರು.

ಪಿತೃಪಕ್ಷ ಶುರುವಾದ ಮೇಲೆ, ಒಂದು ಭಾನುವಾರ, ರಂಜಿತ ಎರಡು ಕೊಳವೆಗಳನ್ನೂ ಕಿಟಕಿಯ ಅಡ್ಡಪಟ್ಟಿಯ ಮೇಲೆ ನಿಲ್ಲಿಸಿ ಕರೆದಳು. ಮುನಿವೆಂಕಟಮ್ಮ ಎರಡನ್ನೂ ಅಂಗಳಕ್ಕೆ ಒಯ್ದು, ಮೊದಲು ಬಿಸಿಲಿಗೆ, ಆಮೇಲೆ ಸುಣ್ಣದ ಗೋಡೆಗೆ ಹಿಡಿದು ನೋಡಿದಳು. ಅವಸರ ಮಾಡಲಿಲ್ಲ.

"ಇದು ಹಳದೀನೆ. ಅರಿಶಿನದ ನೀರು. ಇದು ನೀಲೀನೆ. ಸೌತೇಕಾಯಿನೂ ಇಲ್ಲ, ನೇರಳೆಹಣ್ಣೂ ಇಲ್ಲ."

ರಂಜಿತ ಕೊಳವೆಗಳನ್ನು ತೊಳೆದು ಕವುಚಿಟ್ಟಳು. ಮೋಟರಿನ ಪ್ಲಗ್ಗು ಮುಟ್ಟಿ ನೋಡಿದಳು, ಸರಿಯಾಗಿತ್ತು. ಕುಂಟ ಕಲ್ಲುಗಳ ಸುತ್ತ ಒಂದು ಸುತ್ತು ಬಂದು ಗಾಜಿನ ಬದಿಗೆ ನಿಂತಿತು. ಅವಳು ಚಾಪೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಎರಡು ಕೈಗಳನ್ನೂ ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಳು. ಮುನಿವೆಂಕಟಮ್ಮ ಕಾಫಿ ಲೋಟ ಅವಳ ಮುಂದಿಟ್ಟು ಬಾಗಿಲ ಹತ್ತಿರ ಕೂತಳು. ರಂಜಿತ ಅವಳ ಕಡೆ ತಿರುಗಿದಳು.

"ಅಜ್ಜಿ, ಈಗ ನಾನು ಯಾವುದಕ್ಕೆ ಹೆದರ್ಕೊಳ್ಳಲಿ?"